ಅಮ್ಮತ್ತಿಯಿಂದ ತಂದ ಎವರ್‌ಸಿಲ್ವರ್ ತಪ್ಪಲೆ

ನಾನು ಮದುವೆಯಾಗಿ ಬಂದಾಗ ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿತ್ತು. ತವರಿಗೆ ಹೋಗಬೇಕೆಂದರೆ ಕುಶಾಲನಗರದ ಆಚೆ ಸೇತುವೆ ದಾಟಬೇಕು. ದಾಟಿದರೆ ಮೈಸೂರು ರಾಜ್ಯ. ನನ್ನ ಗಂಡನ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಬೇಸಾಯದ ಕುಟುಂಬ. ಜಮೀನನ್ನು ದೊಡ್ಡ ಭಾವ ನೋಡಿಕೊಳ್ಳುತ್ತಿದ್ದರು. ನನ್ನವರು ನಾಲ್ಕಕ್ಷರ ಕಲಿತಿದ್ದರಿಂದ ನೆಲ್ಯಹುದಿಕೇರಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ಯಾವ ದಿನ ಯಾವ ಕಡೆ ಪಿಕಿಂಗ್, ಎಂದರೆ ಕಾಫಿ ಹಣ್ಣಿನ ಕೊಯ್ಲು, ಎಂದು ಗೊತ್ತುಮಾಡುವುದು ಅವರ ಕೆಲಸ. ಎಸ್ಟೇಟಿನವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ನಾವು ಮೂವರು: ನನ್ನವರು, ಅವರ ತಾಯಿ, ನಾನು.

ಅತ್ತೆಗೆ ಆಗ ಅರವತ್ತರ ಹತ್ತಿರ. ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ಮಾತಿನಲ್ಲಿ ಬಿರುಸು. ಅವರ ಅಡಿಗೆಯನ್ನು ಊರೇ ಹೊಗಳುತ್ತಿತ್ತು. ಹಾಸನದ ಕಡೆ ಇದ್ದಾಗ ನೂರಾರು ಎಲೆಯ ಮದುವೆಗಳಿಗೆ ಅವರೇ ನಿಂತು ಅಡಿಗೆ ಮಾಡಿಸಿದ್ದರಂತೆ. ಆ ಕಾಲದ ಒಂದು ದೊಡ್ಡ ತಾಮ್ರದ ತಪ್ಪಲೆ ಅವರ ಜೊತೆಗೇ ಕೊಡಗಿಗೆ ಬಂದಿತ್ತು. ಎರಡು ಕಡೆ ಬಳೆಯಂಥ ಹಿಡಿ. ತುಂಬಿದರೆ ಇಬ್ಬರು ಗಟ್ಟಿ ಆಳು ಹಿಡಿದರೇ ಏಳುವುದು.

ಎಸ್ಟೇಟಿನ ಯಜಮಾನರ ಹೆಂಡತಿಯನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದೆವು. ಕೊಡವರ ಮನೆಯ ಹೆಂಗಸು, ಕಡಿಮೆ ಮಾತು. ಪಿಕಿಂಗ್ ಕಾಲದಲ್ಲಿ ಹೆಣ್ಣಾಳುಗಳು ಮಧ್ಯಾಹ್ನ ಅಷ್ಟು ದೂರದ ಲೈನುಗಳಿಗೆ, ತಮ್ಮ ಸಾಲುಮನೆಗಳಿಗೆ, ನಡೆದು, ಬೆಳಗಿನ ತಣ್ಣನೆಯ ಮುದ್ದೆ ನುಂಗಿ, ಮತ್ತೆ ಓಡಿಬರುವುದನ್ನು ಅವರು ಹಿಂದಿನ ವರ್ಷ ನೋಡಿದ್ದರಂತೆ. ನಾನು ಬಂದ ವರ್ಷ, ಪಿಕಿಂಗ್ ಮುಗಿಯುವ ತನಕ ಎಸ್ಟೇಟಿನಿಂದಲೇ ಬಿಸಿ ಊಟ ಎಂದು ಗೊತ್ತುಮಾಡಿದರು. ಅಡಿಗೆ ಯಾರು ಮಾಡುವುದು ಎಂಬ ಮಾತು ಬಂದಾಗ ಅತ್ತೆ ತಾವೇ ಮುಂದೆ ಬಂದರು. ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ಮೂರು ಒಲೆ ಹೂಡಿದೆವು. ಅನ್ನಕ್ಕೆ ಬೇರೆ ಪಾತ್ರೆಗಳಿದ್ದವು. ಸಾರಿಗೆ ಅತ್ತೆಯ ತಾಮ್ರದ ತಪ್ಪಲೆ. ದಿನಕ್ಕೆ ಎಪ್ಪತ್ತು ಜನರ ಊಟ. ಕೈ ಕೆಳಗಿನ ಕೆಲಸಕ್ಕೆ ನಾನು.

ತಾಮ್ರದ ಪಾತ್ರೆಯಲ್ಲಿ ಹುಳಿ ಬೇಯಿಸಬೇಕಾದರೆ ಒಳಗೆ ತವರದ ಕಲಾಯಿ ಇರಬೇಕೆಂಬುದು ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಮಳೆ ಕಳೆದ ಮೇಲೆ ಕಲಾಯಿಯವನು ತಿದಿ ಹೊತ್ತು ಬರುತ್ತಿದ್ದನಂತೆ. ಆ ವರ್ಷ ಬರಲಿಲ್ಲ. ಕಾಯಿಲೆಯೆಂದು ಕೇಳಿದೆವು. "ಪಿಕಿಂಗ್ ಮುಗೀಲಿ, ಕುಶಾಲನಗರಕ್ಕೆ ಕಳಿಸಿ ಹಾಕ್ಸುವ" ಎಂದು ಅತ್ತೆ ಸುಮ್ಮನಾದರು.

ತಪ್ಪಲೆ ತಿಕ್ಕುವುದು ನನ್ನ ಪಾಲಿನ ಕೆಲಸ. ಒಂದು ದಿನ ಬೂದಿ ಹಾಕಿ ಉಜ್ಜುತ್ತಿದ್ದಾಗ ತಳದಲ್ಲಿ ಬಿಳುಪು ಹೋಗಿ ಕೆಂಪಗೆ ತಾಮ್ರ ಕಂಡಿತು. ಅಂಗೈಯಷ್ಟು ಅಗಲ. ಅದನ್ನು ನೋಡಿ ನಾನು ಒಂದು ಗಳಿಗೆ ಕೈ ನಿಲ್ಲಿಸಿದೆ. ಹೇಳಬೇಕು ಅನ್ನಿಸಿತು. ಆದರೆ ಆ ಹಿಂದಿನ ವಾರವೇ ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಯಿತೇನೋ ಎಂದು ಬಾಯಿ ತೆರೆದಿದ್ದೆ. "ಮೂರ್ ತಿಂಗ್ಳಾಗಿಲ್ಲ ನೀನ್ ಬಂದು, ನನ್ ಕೈ ಉಪ್ಪ ಅಳೀತೀಯೇನವ್ವ?" ಎಂದಿದ್ದರು, ನಾಲ್ಕು ಜನ ಆಳುಗಳ ಎದುರಿಗೆ. ಅದು ಇನ್ನೂ ಚುಚ್ಚುತ್ತಿತ್ತು. ಅವರೂ ದಿನಾ ಅದೇ ತಪ್ಪಲೆಗೆ ಬಗ್ಗುತ್ತಾರಲ್ಲ, ಅವರಿಗೆ ಕಾಣದ್ದು ನನಗೇನು ಎಂದುಕೊಂಡು ತೊಳೆದು ಬೋರಲು ಹಾಕಿದೆ. ಮರುದಿನವೂ ಹಾಗೆಯೇ ಮಾಡಿದೆ. ಅದರ ಮರುದಿನವೂ.

ಹದಿನೈದು ದಿನ ಏನೂ ಆಗಲಿಲ್ಲ. ಸಾರು ಆಗುವುದಕ್ಕೂ ಬಡಿಸುವುದಕ್ಕೂ ನಡುವೆ ಹೆಚ್ಚು ಹೊತ್ತು ಇರುತ್ತಿರಲಿಲ್ಲ, ಅದಕ್ಕೇ ಇರಬೇಕು. ಆಮೇಲೆ ಒಂದು ದಿನ ಹೊಳೆಯ ಕಡೆಯ ಇಳಿಜಾರಿನಲ್ಲಿ ಪಿಕಿಂಗ್ ಇತ್ತು. ಅತ್ತೆ ಹುರುಳಿಕಟ್ಟಿನ ಸಾರು ಮಾಡಿದ್ದರು, ಹುಣಸೆಹಣ್ಣು ಧಾರಾಳವಾಗಿ ಕಿವುಚಿ ಹಾಕಿ. ಹನ್ನೊಂದು ಗಂಟೆಗೇ ಇಳಿಸಿ ಆಗಿತ್ತು. ಆ ಇಳಿಜಾರು ಮುಗಿಸಿಕೊಂಡೇ ಊಟಕ್ಕೆ ಬರುತ್ತಾರೆ ಎಂದು ನನ್ನವರು ಹೇಳಿಕಳಿಸಿದರು. ಅವರೆಲ್ಲ ಬಂದು ಕೂತಾಗ ಮೂರು ಗಂಟೆ. ಅಷ್ಟು ಹೊತ್ತೂ ಸಾರು ಆ ತಪ್ಪಲೆಯಲ್ಲೇ ಇತ್ತು. ಹುರುಳಿಯ ಸಾರು ಮೊದಲೇ ಕಪ್ಪು. ಬಣ್ಣ ತಿರುಗಿದ್ದರೂ ಕಾಣುವ ಹಾಗಿರಲಿಲ್ಲ.

ಊಟ ಮುಗಿದು ಕೈ ತೊಳೆಯುವಷ್ಟರಲ್ಲಿ ಒಬ್ಬಳು ಕಣದ ಅಂಚಿಗೆ ಓಡಿ ವಾಂತಿ ಮಾಡಿಕೊಂಡಳು. ಅರಕಲಗೂಡಿನ ಕಡೆಯಿಂದ ಬಂದ ಹುಡುಗಿ, ಆರು ತಿಂಗಳ ಬಸುರಿ. ಬಸುರಿಗೆ ಇದ್ದದ್ದೇ ಎಂದು ಯಾರೋ ಅವಳ ಬೆನ್ನು ಸವರಿದರು. ಆ ಬೆನ್ನು ಸವರಿದವಳೂ ಅಲ್ಲೇ ಕುಕ್ಕರಿಸಿದಳು. ಆಮೇಲೆ ಮೂರನೆಯವಳು. ಅರ್ಧ ಗಂಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೊಟ್ಟೆ ಹಿಡಿದುಕೊಂಡು ಕಣದ ತುಂಬ ಮಲಗಿದ್ದರು. ಬಾಯೆಲ್ಲ ಕಾಸು ಚೀಪಿದ ಹಾಗೆ ಆಗಿದೆ ಎಂದು ನರಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದದ್ದೇ ನಾನು ಶೆಡ್ಡಿನೊಳಗಿನ ತಪ್ಪಲೆಯ ಕಡೆ ತಿರುಗಿ ನೋಡಿದೆ. ಅತ್ತೆಯೂ ನಾನೂ ಕೊನೆಗೆ ಉಣ್ಣುವವರು; ನಮ್ಮ ಬಾಯಿಗೆ ಇನ್ನೂ ಒಂದು ತುತ್ತೂ ಹೋಗಿರಲಿಲ್ಲ.

ಜೀಪು ಹೋಗಿ ಡಾಕ್ಟರನ್ನು ಕರೆತಂದಿತು. ಅವರು ಇಬ್ಬರು ಮೂವರ ನಾಡಿ ಹಿಡಿದು ನೋಡಿ, ನೇರವಾಗಿ ಶೆಡ್ಡಿಗೆ ಬಂದು ತಪ್ಪಲೆಯನ್ನು ಬೆಳಕಿಗೆ ಓರೆ ಮಾಡಿಸಿದರು.

"ಕಲಾಯಿ ಯಾವಾಗ ಹಾಕ್ಸಿದ್ದು?"

"ಹೋದ್ ವರ್ಷ" ಎಂದರು ಅತ್ತೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ತಾಮ್ರ ಬಿಟ್ಟಿದೆ ಹುಳಿಗೆ. ವಾಂತಿಯಾದದ್ದೇ ಒಳ್ಳೇದಾಯ್ತು. ಹಾಲು ಕುಡಿಸಿ, ಗಂಜಿ ತಿಳಿ ಕೊಡ್ತಾ ಇರಿ. ಹೆದರಬೇಡಿ."

ಹೆದರಬೇಡಿ ಎಂದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ. ಸಂಜೆಯ ಹೊತ್ತಿಗೆ ಹೆಚ್ಚಿನವರು ಎದ್ದು ಕೂತರು, ಲೈನಿಗೆ ನಡೆದುಕೊಂಡೇ ಹೋದರು. ಬಸುರಿಯನ್ನು ಮಾತ್ರ ನಮ್ಮ ಮನೆಯಲ್ಲೇ ಮಲಗಿಸಿದೆವು. ಅತ್ತೆ ಅವಳ ಪಕ್ಕ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ನಾನು ಒಲೆ ಹೊತ್ತಿಸುತ್ತಿದ್ದಾಗ ಆ ಹುಡುಗಿ ಎದ್ದು ಬಂದು ಬಾಗಿಲಲ್ಲಿ ನಿಂತು, "ಅಕ್ಕಾ, ಹೊಟ್ಟೆ ಹಸೀತಾ ಅದೆ. ಏನಾದ್ರೂ ಅದಾ?" ಎಂದಳು. ಮಗು ಒದೆಯುತ್ತಿದೆಯೇ ಎಂದು ಅತ್ತೆ ಒಳಗಿನಿಂದಲೇ ಕೇಳಿದರು. "ಒದೀತಾ ಅದೆ ಅಜ್ಜಿ, ಸುಮ್ನೆ ಇರಾಕೇ ಬಿಡಲ್ದು" ಎಂದಳು. ನಾನು ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಅಮ್ಮಾವ್ರು ಆ ಬೆಳಿಗ್ಗೆ ಮನೆಗೇ ಬಂದರು. ಅತ್ತೆ ಅವರ ಎದುರು ನಿಂತು, "ನನ್ ಕೈಲಿ ಇನ್ ಆಗಾಕಿಲ್ಲ ಅಮ್ಮಾವ್ರೆ, ಬೇರೆ ಯಾರ್ನಾದ್ರೂ ಇಟ್ಕಳಿ" ಎಂದರು.

"ಅಡಿಗೆ ಬಿಡೋದು ಬೇಡ ಅಜ್ಜಿ, ಪಾತ್ರೆ ಬಿಡುವ" ಎಂದರು ಅಮ್ಮಾವ್ರು.

"ಕಲಾಯಿ ಹಾಕ್ಸುದ್ರೆ ಅದೇ ಸರಿ ಹೋಯ್ತದೆ."

"ನೀವು ಹಾಕಿಸ್ತೀರಿ. ಅವರು ಉಣ್ಣಬೇಕಲ್ಲ? ಆ ತಪ್ಪಲೆ ಕಂಡರೇ ಹೊಟ್ಟೆ ತೊಳಸ್ತದೆ ಅಂತಾರೆ ಎಲ್ಲ. ನಾಳೆ ಜೀಪಲ್ಲಿ ಅಮ್ಮತ್ತಿಗೆ ಹೋಗುವ. ನೀವೇ ನೋಡಿ ಆರಿಸಿ. ಅಡಿಗೆ ಮಾಡುವವರು ನೀವಲ್ಲವಾ?"

ಅವರು ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದರು ಎನ್ನಿಸುತ್ತದೆ. ಬೈಯದೆ ಇದ್ದದ್ದಕ್ಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮರುದಿನ ಹೊರಡುವಾಗ ಅತ್ತೆ ದೊಡ್ಡ ಸೌಟನ್ನು ಒಂದು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡರು. ಒಲೆಯ ಬಾಯಿಗೆ ದಾರ ಹಿಡಿದು ಅಳೆದು, ಅಳತೆಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಮ್ಮಾವ್ರು ಮುಂದೆ, ನಾವಿಬ್ಬರು ಹಿಂದೆ. ಸಿದ್ದಾಪುರದ ಮೇಲೆ ಹಾದು ಅಮ್ಮತ್ತಿ ತಲುಪುವ ತನಕ ನಾನು ಮನಸ್ಸಿನಲ್ಲಿ ಒಂದೇ ಮಾತನ್ನು ಹೊರಳಿಸುತ್ತಿದ್ದೆ: ಹೇಳಿಬಿಡಬೇಕು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಬೈಗುಳವೆಲ್ಲ ಅತ್ತೆಯ ಮೇಲೆ ಹೋಗಿತ್ತು. ನನ್ನವರೂ ಅವರಿಗೆ ಒಂದೆರಡು ಮಾತು ಅಂದಿದ್ದರು. ನಾನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಪಾತ್ರೆ ಅಂಗಡಿ ಒಬ್ಬ ಮಲಯಾಳಿ ಸಾಹೇಬರದು. ಊರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿತ್ತು. ಕೊಡವ ತಕ್ಕಿನಲ್ಲಿ ಅಮ್ಮಾವ್ರನ್ನು ವಿಚಾರಿಸಿ, ನಮ್ಮ ಕಡೆ ತಿರುಗಿ ಕನ್ನಡಕ್ಕೆ ಬಂದರು. ಮೊದಲು ಅಲ್ಯೂಮಿನಿಯಮ್ಮಿನ ಒಂದು ದೊಡ್ಡ ಡಬರಿ ಇಳಿಸಿದರು. ಹಗುರ, ನಾನೊಬ್ಬಳೇ ಎತ್ತಬಹುದಿತ್ತು. ಅತ್ತೆ ಅದರ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಸ್ವಲ್ಪ ಒಳಗೆ ಹೋಗಿ ಬಂತು.

"ಇದ್ರಲ್ಲಿ ದಿನಾ ಹುಳಿ ಕುದಿಸುದ್ರೆ ವರ್ಷಕ್ಕೇ ತಳ ತೂತ ಬೀಳ್ತದೆ. ಬ್ಯಾಡ."

"ಹಂಗಾದ್ರೆ ಎವರ್‌ಸಿಲ್ವರ್ ನೋಡಿ" ಎಂದರು ಕಾಕ.

ಈಗ ಸ್ಟೀಲು ಎನ್ನುವುದನ್ನು ಆಗ ಎವರ್‌ಸಿಲ್ವರ್ ಎನ್ನುತ್ತಿದ್ದೆವು. ಸ್ಥಿತಿವಂತರ ಮನೆಯಲ್ಲಿ ಒಂದೆರಡು ಲೋಟ, ಒಂದು ತಟ್ಟೆ ನೋಡಿದ್ದೆ ಅಷ್ಟೇ. ಎಪ್ಪತ್ತು ಜನರ ಸಾರು ಹಿಡಿಸುವ ಪಾತ್ರೆಯನ್ನು ಅದರಲ್ಲಿ ಮಾಡುತ್ತಾರೆಂದೇ ನನಗೆ ಗೊತ್ತಿರಲಿಲ್ಲ. ಕಾಕ ಒಳಗಿನಿಂದ ಎರಡನ್ನು ತಂದರು. ವೀರಾಜಪೇಟೆಯ ಯಾವುದೋ ಹೋಟೆಲಿನವರು ಹೇಳಿದ್ದರಿಂದ ತರಿಸಿದ್ದಂತೆ. ಅವರಿಗೆ ಒಂದು ಸಾಕು, ನಾವು ಆರಿಸಿ ಉಳಿದದ್ದು ಅವರಿಗೆ ಎಂದರು. ಒಂದು ಡ್ರಮ್ಮಿನ ಹಾಗೆ ಎತ್ತರ, ಥಳಥಳ ಹೊಳೆಯುತ್ತಿತ್ತು. ಇನ್ನೊಂದು ಗಿಡ್ಡ, ಅಗಲ ಬಾಯಿ, ಸ್ವಲ್ಪ ಮಂಕು.

"ಕಲಾಯಿ ಬೇಡ, ಏನೂ ಬೇಡ ಅಮ್ಮ. ಹುಳಿ ಹಾಕಿ, ಮಜ್ಜಿಗೆ ಹಾಕಿ, ಎರಡ್ ದಿವಸ ಇಡಿ. ಏನೂ ಆಗುದಿಲ್ಲ" ಎಂದು ಎತ್ತರದ್ದನ್ನು ಅತ್ತೆಯ ಕಡೆ ವಾಲಿಸಿದರು. "ಒಳಗೆ ನೋಡಿ, ಕನ್ನಡಿ. ಮುಖ ಕಾಣ್ತದೆ."

ಅತ್ತೆ ಬಗ್ಗಿ ತುಸು ಹೊತ್ತು ಒಳಗೆ ನೋಡಿದರು. "ಹೂಂ. ಚೆನ್ನಾಗ್ ಕಾಣ್ತದೆ" ಎಂದರು.

ಅವರ ಹೆಗಲ ಮೇಲಿಂದ ನಾನೂ ಇಣುಕಿದೆ. ತಳದಲ್ಲಿ ಕಟ್ಟಿ ಕಳಿಸಿದ ಕಂದು ಕಾಗದ ಹಾಗೆಯೇ ಕೂತಿತ್ತು. ಅಲ್ಲಿ ಯಾರ ಮುಖವೂ ಕಾಣುವಂತಿರಲಿಲ್ಲ.

ಕಾಕ ನಕ್ಕು ಕಾಗದ ಕಿತ್ತು ತೆಗೆದರು. ಅವರಿಗಾಗಲಿ ಅಮ್ಮಾವ್ರಿಗಾಗಲಿ ಏನೂ ಗೊತ್ತಾಗಲಿಲ್ಲ. ನನಗೆ ಮಾತ್ರ ಕೆಲವು ತಿಂಗಳಿನ ಸಂಗತಿಗಳೆಲ್ಲ ಒಂದೊಂದಾಗಿ ಎದುರಿಗೆ ಬಂದವು. ಅಕ್ಕಿ ಆರಿಸುವುದನ್ನು ಯಾವಾಗಲೂ ನನಗೇ ಒಪ್ಪಿಸುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಕರೆಯುತ್ತಿದ್ದರು, ಕೈ ನಡುಗುತ್ತದೆ ಎಂದು. ಉಪ್ಪನ್ನು ಮೊದಲೆಲ್ಲ ನೋಡಿ ಹಾಕುತ್ತಿದ್ದವರು ಈಗ ಹಿಡಿಯಲ್ಲಿ ತೂಗಿ ತೂಗಿ ಹಾಕುತ್ತಿದ್ದರು.

ಆಮೇಲೆ ಅತ್ತೆ ಆರಿಸಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಎರಡೂ ತಪ್ಪಲೆಗಳ ನಡುವೆ ನೆಲದ ಮೇಲೆ ಕೂತರು. ಎತ್ತರದ್ದರ ಒಳಗೆ ಭುಜದ ತನಕ ಕೈ ಇಳಿಸಿ ತಳದ ಸುತ್ತ ಬೆರಳು ಓಡಿಸಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲೊಂದು ಬೆಸುಗೆ ಸಂದು ಅದೆ. ಬೇಳೆ ಹೋಗಿ ಕೂತ್ಕತದೆ. ತಿಕ್ಕಕ್ಕೆ ಬೆರಳು ಹೋಗಾಕಿಲ್ಲ."

ಅಗಲದ್ದರ ಒಳಗೆ ತಡಕಿದರು. ಅದು ಒಂದೇ ತಗಡಿನಿಂದ ಬಡಿದು ಮಾಡಿದ್ದು. ತಳ ದುಂಡಗೆ ತಿರುಗಿ ಪಕ್ಕೆಯಾಗಿತ್ತು. ಹಿಡಿಗಳನ್ನು ಕೂಡಿಸಿದ ಮೊಳೆಗಳ ತಲೆಯನ್ನು ಒಳಗಿನಿಂದ ಒಂದೊಂದಾಗಿ ಮುಟ್ಟಿದರು. ಬೆರಳ ಗಿಣ್ಣಿನಿಂದ ತಳ ತಟ್ಟಿ ಸದ್ದು ಕೇಳಿದರು. ಎತ್ತರದ್ದು ಗಣಗಣ ಎಂದಿತು, ಅಗಲದ್ದು ದಪ್ಪಗೆ ದಂಯ್ ಎಂದಿತು. "ತಳ ದಪ್ಪ ಅದೆ. ಬೇಗ ಹೊತ್ತಾಕಿಲ್ಲ." ಸೊಂಟದ ದಾರ ತೆಗೆದು ಹಿಡಿದರು; ಒಲೆಗೆ ಸರಿಹೋಗುತ್ತಿತ್ತು. ಸೌಟು ಇಳಿಸಿ ನೋಡಿದರು. ಎತ್ತರದ್ದರಲ್ಲಿ ತಳ ಮುಟ್ಟಬೇಕಾದರೆ ಕೈ ಮಣಿಕಟ್ಟಿನ ತನಕ ಒಳಗೆ ಹೋಗುತ್ತಿತ್ತು. "ಹಬೆಗೆ ಕೈ ಬೇಯ್ತದೆ ಇದ್ರಲ್ಲಿ."

"ಅದರಲ್ಲಿ ಜಾಸ್ತಿ ಹಿಡಿತದೆ ಅಮ್ಮ" ಎಂದರು ಕಾಕ ಬಿಡದೆ.

"ಹಿಡುದ್ರೆ ಎತ್ತೋರ್ ಯಾರಪ್ಪ? ನೀರ್ ತುಂಬ್ಸಿ ನೋಡುವ."

ಅಂಗಡಿಯ ಹಿಂದೆ ಬಾವಿ ಇತ್ತು. ಎರಡನ್ನೂ ಅಲ್ಲಿಗೆ ಸಾಗಿಸಿ ನಾವಿಬ್ಬರೂ ಸೇದಿ ತುಂಬಿದೆವು. ಎತ್ತರದ್ದನ್ನು ಎತ್ತಿದರೆ ನೀರು ತುಳುಕಿ ನಮ್ಮಿಬ್ಬರ ಸೀರೆಯೂ ಒದ್ದೆ. ನೆಲ ಬಿಡಿಸಿದರೆ ಹಿಡಿಗಳು ಎದೆಯ ಮಟ್ಟಕ್ಕೆ ಬರುತ್ತಿದ್ದವು. ಕುಳ್ಳಗಿನ ಅತ್ತೆಗೆ ಬಲ ಹಾಕಲಾಗಲಿಲ್ಲ. ಅಗಲದ್ದು ಅಲುಗದೆ ಎದ್ದಿತು. ಹತ್ತು ಹೆಜ್ಜೆ ನಡೆದು ಇಳಿಸಿದೆವು. ಕಾಕ ಗಿರಾಕಿ ಬಂದರೆಂದು ಮುಂದೆ ಹೋದರು, ಅಮ್ಮಾವ್ರೂ ಒಳಗಿದ್ದರು. ಬಾವಿಯ ಕಟ್ಟೆಯ ಹತ್ತಿರ ನಾವಿಬ್ಬರೇ ಉಳಿದೆವು. ಆಗಲೇ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು.

"ಅತ್ತೆಮ್ಮ, ಆ ತಾಮ್ರದ ತಪ್ಲೆ ತಳದಲ್ಲಿ ಕಲಾಯಿ ಹೋಗಿದ್ದು ನಾನು ನೋಡಿದ್ದೆ. ಹದಿನೈದ್ ದಿನದ ಹಿಂದೇನೆ. ಹೇಳ್ಲಿಲ್ಲ."

ಅತ್ತೆ ಸೆರಗು ಹಿಂಡುತ್ತಿದ್ದವರು ನಿಲ್ಲಿಸಿದರು. "ಎಷ್ಟ್ ಅಗ್ಲ ಇತ್ತು?"

"ಅಂಗೈಯಷ್ಟು."

ಅವರು ತಮ್ಮ ಅಂಗೈಯನ್ನು ಮುಖದ ಹತ್ತಿರ, ತೀರಾ ಹತ್ತಿರ ತಂದು ನೋಡಿಕೊಂಡರು. "ಇಷ್ಟ್ ಅಗ್ಲದ್ದು ನಂಗ್ ಕಾಣ್ಲಿಲ್ಲ ಕಣವ್ವ. ದೀಪಾವಳಿಗೆ ಮುಂಚಿಂದ ಎಲ್ಲಾ ಮಂಜ್ ಮಂಜು. ಬೆರಳಲ್ಲಿ ಮುಟ್ಟಿ ಮುಟ್ಟಿ ಹೆಂಗೋ ತಳ್ಕಂಡ್ ಬಂದೆ. ಸುಡೋ ತಪ್ಲೆ ತಳ ಮುಟ್ಟಕ್ಕಾಯ್ತದಾ?"

"ಯಾಕ್ ಯಾರ್ಗೂ ಹೇಳ್ಲಿಲ್ಲ ನೀವು?"

"ಹೇಳುದ್ರೆ ಮೂಲೇಲಿ ಕೂರುಸ್ತಿದ್ರಿ. ಅಡಿಗೆ ಬಿಟ್ರೆ ನಂಗೇನ್ ಬತ್ತದೆ?" ಸೆರಗನ್ನು ಮತ್ತೆ ಹಿಂಡುತ್ತ ಕೇಳಿದರು, "ನೀನ್ ಯಾಕ್ ಹೇಳ್ಲಿಲ್ಲ?"

"ಬೈತೀರ ಅಂತ."

"ಬೈತಿದ್ದೆ" ಎಂದರು. "ಬೈದು, ನೀನ್ ಅತ್ಲಾಗ್ ಹೋದ್ಮೇಲೆ ಕೈಯಾಡ್ಸಿ ನೋಡ್ತಿದ್ದೆ."

ಅದನ್ನು ಅವರು ಹೇಳಿದ ರೀತಿಗೆ ನನಗೆ ಅಳುವಿನ ನಡುವೆಯೇ ನಗು ಬಂತು. ಅವರೂ ನಕ್ಕರು. ಆಮೇಲೆ ಅವರು ಬಾವಿಕಟ್ಟೆಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು. ಎರಡು ದಿನದಿಂದ ನನ್ನ ಎದೆಯಲ್ಲಿ ಕೂತಿದ್ದದ್ದೂ ಅದೇ ಗಳಿಗೆಯಲ್ಲಿ ಇಳಿಯಿತು. ಆ ಇಪ್ಪತ್ತು ಜನರೂ ಸುಖವಾಗಿ ಎದ್ದಿದ್ದರು, ಬಸುರಿ ಗಂಜಿ ಕುಡಿದಿದ್ದಳು, ಹೇಳಬೇಕಾದ್ದನ್ನು ಹೇಳಿ ಆಗಿತ್ತು. ನೀರು ಚೆಲ್ಲಿ ಅಗಲದ ತಪ್ಪಲೆಯನ್ನು ಒಳಗೆ ತಂದು, "ಇದೇ ಇರ್ಲಿ ಅಮ್ಮಾವ್ರೆ" ಎಂದರು ಅತ್ತೆ. ಕಾಕ ಎರಡು ಕೈಯನ್ನೂ ಎತ್ತಿ, "ನಾನು ಮೂವತ್ ವರ್ಷ ಪಾತ್ರೆ ಮಾರಿದೆ, ಹಿಂಗೆ ನೋಡಿ ತಗೊಂಡವರು ಇಲ್ಲ" ಎಂದು ಅಮ್ಮಾವ್ರಿಗೆ ಹೇಳಿದರು.

ಆದರೆ ಆ ಹೊಸ ಪಾತ್ರೆಗೆ ಶೆಡ್ಡಿನಲ್ಲಿ ಆದದ್ದನ್ನು ಕಾಕ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಒಲೆಗೆ ಏರಿಸುವ ಮೊದಲು ಅತ್ತೆ ಕೆಮ್ಮಣ್ಣು, ಬೂದಿ ಕಲಸಿ ಅದರ ಹೊರಗಿನ ತಳಕ್ಕೆಲ್ಲ ದಪ್ಪಗೆ ಮೆತ್ತಿದರು. ಹೊಸ ತಳ ಸೀಯಬಾರದು, ಮಸಿಯೂ ಹಿಡಿಯಬಾರದು. ನಾನು ಸೌದೆ ಹಿಂದಕ್ಕೆ ಎಳೆದು ಉರಿ ಸಣ್ಣಗೆ ಇಟ್ಟೆ. ತೊಗರಿಬೇಳೆ, ಬದನೆಕಾಯಿ ಹಾಕಿದ ಸಾರು. ಅತ್ತೆ ಸೌಟು ಆಡಿಸಿದರು, ನಾನು ನಡುನಡುವೆ ತಳದಿಂದ ಒಂದು ಸೌಟು ಎತ್ತಿ ನೋಡಿ ಹೇಳುತ್ತಿದ್ದೆ. "ಹತ್ತಿದೆಯಾ?" "ಇಲ್ಲ ಅತ್ತೆಮ್ಮ." "ಈಗ?" "ಇಲ್ಲ." ಇಳಿಸಿದಾಗಲೂ ಹತ್ತಿರಲಿಲ್ಲ.

ಮಧ್ಯಾಹ್ನ ಹೆಣ್ಣಾಳುಗಳು ಬಂದು ಸಾಲಾಗಿ ಕೂತರು. ಎಲೆಗೆ ಅನ್ನ, ಸಾರು ಬಡಿಸಿದೆ. ಯಾರೂ ಕೈ ಇಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಕೆಟ್ಟು ಹಿಡಿದು ಹಾಗೇ ನಿಂತೆ. ಅತ್ತೆ ಒಲೆಯ ಹತ್ತಿರದಿಂದ ಎದ್ದು ಬಂದು, ಸಾಲಿನ ನಡುವೆ ಜಾಗ ಮಾಡಿಸಿಕೊಂಡು ಕೂತು, "ನಂಗೂ ಒಂದ್ ಎಲೆ ಹಾಕವ್ವ" ಎಂದರು. ಹಾಕಿದೆ. ಅವರು ಕಲಸಿ ಉಣ್ಣತೊಡಗಿದರು. ಅವರ ಪಕ್ಕದಲ್ಲೇ ಇದ್ದ ಬಸುರಿ ಹುಡುಗಿ ಒಂದು ತುತ್ತು ಬಾಯಿಗಿಟ್ಟು ಮೆಲ್ಲಗೆ ಅಗಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಅಜ್ಜಿ, ಹುಳಿ ಕಮ್ಮಿ ಆಗದೆ" ಎಂದಳು.

"ಇವತ್ ಹುಳಿ ಹಾಕಕ್ಕೆ ಕೈ ಬರ್ಲಿಲ್ಲ ಕಣೆ" ಎಂದರು ಅತ್ತೆ.

ಮೊದಲು ಯಾರು ನಕ್ಕರೋ, ಸಾಲಿಗೆ ಸಾಲೇ ನಕ್ಕಿತು. ಎಲೆಗಳ ಮೇಲೆ ಕೈಗಳು ಓಡಾಡತೊಡಗಿದವು. ಎರಡನೆಯ ಸಲ ಬಡಿಸಲು ಬಂದಾಗ ನನ್ನ ಬಕೆಟ್ಟಿನಲ್ಲಿ ಸಾರು ಸಾಲಲಿಲ್ಲ.

ಆ ಪಿಕಿಂಗ್ ಮುಗಿಯುವ ತನಕ ಅತ್ತೆಯೇ ಅಡಿಗೆ ಮಾಡಿದರು; ನೋಡುವ ಕೆಲಸವೆಲ್ಲ ನನ್ನದಾಯಿತು. ಕಣ್ಣಿನ ವಿಷಯವನ್ನು ನನ್ನವರಿಗೆ ನಾನೇ ಹೇಳಿದೆ. ಡಾಕ್ಟರು ಪೊರೆ ಎಂದರು. ಪಿಕಿಂಗ್ ಆದ ಮೇಲೆ ಮೈಸೂರಿಗೆ ಕರೆದುಕೊಂಡು ಹೋಗಿ ತೆಗೆಸಿದೆವು. ದಪ್ಪ ಕನ್ನಡಕ ಬಂತು. ಅರಕಲಗೂಡಿನ ಹುಡುಗಿಗೆ ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಾಗಿತ್ತು. ತಾಮ್ರದ ತಪ್ಪಲೆ ಬಚ್ಚಲಿಗೆ ಹೋಗಿ ಸ್ನಾನದ ನೀರು ಕಾಯಿಸಿತು.

ಅದೆಲ್ಲ ಆಮೇಲಿನ ಮಾತು. ಹೊಸ ತಪ್ಪಲೆಯ ಆ ಮೊದಲ ದಿನ ಊಟ ಮುಗಿದು, ಹೆಣ್ಣಾಳುಗಳು ಮತ್ತೆ ತೋಟಕ್ಕೆ ಹೋದ ಮೇಲೆ ನಾನು ಪಾತ್ರೆ ತೊಳೆದು ಶೆಡ್ಡಿಗೆ ಬಂದೆ. ಹಗಲು ಹೊತ್ತಿನಲ್ಲಿ ಎಂದೂ ನೆಲಕ್ಕೆ ಬೆನ್ನು ಹಚ್ಚದ ಅತ್ತೆ, ಖಾಲಿ ಗೋಣಿಚೀಲಗಳ ಮೇಲೆ ಮುದುಡಿ ಮಲಗಿ ನಿದ್ದೆ ಮಾಡುತ್ತಿದ್ದರು. ಸಣ್ಣಗೆ ಗೊರಕೆಯೂ ಇತ್ತು. ನಾನು ಸದ್ದಾಗದಂತೆ ಬಾಗಿಲು ಮುಂದೆ ಮಾಡಿ, ಸಂಜೆಯ ಕಾಫಿಗೆ ನೀರಿಡಲು ಮನೆಯ ಕಡೆ ನಡೆದೆ.